ಮೊಮ್ಮಗಳ ಬಾಯಿಯ ರಬ್ಬರು

ಕೂಸು ಆ ಚೀಪುವ ರಬ್ಬರನ್ನು ನುಂಗಬಹುದಿತ್ತು. ನುಂಗದಿದ್ದರೂ ಅದರ ತುದಿ ಹರಿದು ಗಂಟಲಲ್ಲಿ ಕೂರಬಹುದಿತ್ತು. ರಬ್ಬರಿನ ರುಚಿ ಹತ್ತಿ ತಾಯಿಯ ಮೊಲೆ ಬಿಡಬಹುದಿತ್ತು. ಬಿಟ್ಟ ಮೇಲೆ ಹಾಲು ಬತ್ತಬಹುದಿತ್ತು. ಬತ್ತದೆ ಕಟ್ಟಿಕೊಂಡು, ಮೊಲೆ ಕಲ್ಲಾಗಿ, ಜ್ವರ ಬಂದು, ಕೀವಾಗಿ, ದವಾಖಾನೆಯಲ್ಲಿ ಕೊಯ್ಯಿಸುವ ಪ್ರಸಂಗ ಬರಬಹುದಿತ್ತು. ಬರೀ ಗಾಳಿ ಚೀಪಿ ಚೀಪಿ ಕೂಸಿನ ಹೊಟ್ಟೆ ಉಬ್ಬಬಹುದಿತ್ತು. ಕಿವಿ ಸೋರಬಹುದಿತ್ತು. ಬಾಯೊಳಗಿನ ರಬ್ಬರಿಗೂ ಕಿವಿಗೂ ಏನು ಸಂಬಂಧವೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಮೊಬೈಲಿನಲ್ಲಿ ಓದಿದ್ದೆ. ಓದಿದ ಮೇಲೆ ಚಿಂತೆ ಮಾಡದೆ ಬಿಡುವುದು ಹೇಗೆ? ಇನ್ನೂ ಬಂದೇ ಇರದ ಹಲ್ಲುಗಳು ಉಬ್ಬಿಕೊಂಡು ಬರಬಹುದಿತ್ತು. ಇಪ್ಪತ್ತು ವರ್ಷದ ನಂತರ ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, "ಹುಡುಗಿ ಛಲೋ ಅದಾಳ್ರಿ, ಹಲ್ಲಷ್ಟ..." ಎಂದು ಚಪ್ಪಲಿ ಹಾಕಿಕೊಳ್ಳಬಹುದಿತ್ತು. ಅದಕ್ಕೂ ಮೊದಲು, ಚಟ ಬಿಡದೆ, ಸಾಲಿಗೂ ಅದನ್ನು ಬಾಯಲ್ಲಿ ಇಟ್ಟುಕೊಂಡೇ ಬರಬಹುದಿತ್ತು. ಹುಕ್ಕೇರಿಯ ಬೀಗರು, "ತವರುಮನ್ಯಾಗ ಕೂಸಿನ ಬಾಯಿಗೆ ಬೂಚ ಬಡದು ಕೂಡ್ರಿಸ್ಯಾರ" ಎಂದು ಓಣಿಯ ತುಂಬ ಹೇಳಿಕೊಂಡು ಬರಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆದ ಕೆಟ್ಟದ್ದು ಸಣ್ಣದೊಂದು, ಈ ಯಾದಿಯಲ್ಲೇ ಇರದಿದ್ದದ್ದು. ಅದನ್ನು ಹೇಳಬೇಕೆಂದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ಗೋಕಾಕದ ಒಂದು ಪ್ರಾಥಮಿಕ ಸಾಲಿಯಲ್ಲಿ ಒಂದನೆಯ ಇಯತ್ತೆಯ ಅಕ್ಕೋರು. ವಯಸ್ಸು ಐವತ್ತಕ್ಕೆ ಎರಡು ಕಮ್ಮಿ. ಪಗಾರ ಬರುವುದು ಕಲಿಸುವುದಕ್ಕೆ, ಆದರೆ ಮನಸ್ಸಿಟ್ಟು ಮಾಡುವ ಕೆಲಸ ಚಿಂತೆ. ಮಳೆ ಬಂದರೆ ಹೊಳೆ ಏರಿ ಲೋಳಸೂರ ಸೇತುವೆ ಮುಳುಗುತ್ತದೆಂದು, ಬಾರದಿದ್ದರೆ ನಳಕ್ಕೆ ನೀರು ಬರುವುದಿಲ್ಲವೆಂದು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಅಂಕಲಗಿಯಲ್ಲಿ ಬಸ್ಸಿಳಿದು ಮದುವೆ ಊಟ ಬಿಟ್ಟು ತಿರುಗಿ ಬಂದವಳು. ಗ್ಯಾಸ್ ಬಂದ್ ಇತ್ತು. ನಮ್ಮ ಮನೆಯವರು ಮಾತು ಕಮ್ಮಿ ಆಡುವವರು, ಆಡಿದ ಒಂದು ಮಾತು ಮಾತ್ರ ಮರೆಯುವಂಥದ್ದಲ್ಲ: "ನಾಳೆ ನಿನ್ನ ಕುಣ್ಯಾಗ ಇಳಿಸುವಾಗ, ತಗ್ಗು ಆಳ ಸಾಕೋ ಇಲ್ಲೋ ಅಂತ ನೀನ ಎದ್ದು ಅಳೀತಿ ನೋಡ."

ಇರುವವಳು ಒಬ್ಬಳೇ ಮಗಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಹುಕ್ಕೇರಿಗೆ ಕೊಟ್ಟಿದ್ದೇವೆ, ಅಲ್ಲೇ ಕಾಲೇಜಿನಲ್ಲಿ ಕಲಿಸುತ್ತಾಳೆ. ಸೀಮಂತದ ಕುಬಸ ಮುಗಿಸಿಕೊಂಡು ಏಳನೆಯ ತಿಂಗಳಲ್ಲಿ ನಮ್ಮ ಮನೆಗೆ ಬಂದಳು. ಹೆಣ್ಣು ಕೂಸಾಯಿತು. ಕೂಸಿನ ಮುಖ ನೋಡಿದ ಕೂಡಲೇ ನಾನು ಎಣಿಸಿದ್ದು ಬೆರಳುಗಳನ್ನು. ಇಪ್ಪತ್ತಿದ್ದವು. ಇನ್ನೊಮ್ಮೆ ಎಣಿಸಿದೆ.

ಮೊದಲ ಮೂರು ವಾರ ಮಗಳ ಪಾಡು ನೋಡುವಂತಿರಲಿಲ್ಲ, ಆದರೆ ನಾನು ನೋಡಿದೆ. ನೋಡುವುದಷ್ಟೇ ಅಲ್ಲ, ಮಾತು ಸೇರಿಸಿದೆ. ಕೂಸು ಬಾಯಿಗೆ ಮೊಲೆ ಇಟ್ಟ ಕೂಡಲೇ ನಿದ್ದೆ ಹೋಗುತ್ತಿತ್ತು. ಅಂಗಾಲಿಗೆ ಚಿವುಟಿ ಎಬ್ಬಿಸಿದರೆ ಎರಡು ಸಲ ಎಳೆದು ಮತ್ತೆ ನಿದ್ದೆ. ಎಳೆದ ಎರಡು ಸಲದಲ್ಲೇ ಮಗಳ ಮೊಲೆತೊಟ್ಟು ಸೀಳಿ ರಕ್ತ ಬರುತ್ತಿತ್ತು. ಅವಳು ಹಲ್ಲು ಕಚ್ಚಿ ಗೋಡೆ ನೋಡುತ್ತ ಕುಡಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, "ಎಂ.ಎಸ್ಸಿ ಮಾಡೀದಿ, ಒಂದು ಕೂಸಿಗೆ ಹಾಲು ಕುಡಿಸಾಕ ಬರಂಗಿಲ್ಲ ನಿನಗ" ಎಂದೆ. ಹುರುಪು ಬರಲಿ ಎಂದು ಅಂದದ್ದು. ಒಂದನೆಯ ಇಯತ್ತೆಯ ಹುಡುಗರಿಗೆ ಹೀಗೆ ಅಂದರೆ ಅವರು ಅಳುತ್ತಾರಾದರೂ ಮಗ್ಗಿ ಬರೆಯುತ್ತಾರೆ.

ಕೂಸಿಗೆ ನೀರು ಹಾಕಲು ನಮ್ಮ ಓಣಿಯ ಮುದುಕಿಯೊಬ್ಬಳು ಬರುತ್ತಿದ್ದಳು. ನಾವೆಲ್ಲ ಅವಳಿಗೆ ಆಯಿ ಅನ್ನುತ್ತೇವೆ. ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಹದವಾಗಿ ಎಣ್ಣೆ ತಿಕ್ಕುವ ಕೈ. ಬಾಯಿಗೆ ಮಾತ್ರ ಹದ ಇಲ್ಲ. ಹನ್ನೆರಡನೆಯ ದಿವಸ ತೊಟ್ಟಿಲಿಗೆ ಹಾಕಲು ಹುಕ್ಕೇರಿಯಿಂದ ಬೀಗತಿ ಬಂದಾಗ, ಅವರ ಎದುರಿಗೇ ಆಯಿ ಅಂದಳು: "ಇದೇನು ಬಾಣಂತಿ ಕೂಸೋ, ಆರಿಸಿದ ಹಪ್ಪಳೋ? ತಿಕ್ಕಿದ್ರ ಮುರೀತೈತೇನೊ ಅಂತ ನನಗ ಅಂಜಿಕಿ ಬರ್ತೈತಿ."

ಬೀಗತಿ ನಕ್ಕರು. ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಉತ್ತರ ಕೊಡಬಹುದಿತ್ತು. ಸೊಸೆಯ ತಲೆ ನೇವರಿಸಿ, "ಇರ್ಲಿ ಬಿಡವ್ವ, ಎಲ್ಲಾರಿಗೂ ಹಾಲು ಬರಬೇಕಂತ ಏನೈತಿ? ನಮ್ಮನ್ಯಾಗ ಎಮ್ಮಿ ಐತಿ. ನನ್ನ ಸಣ್ಣ ಮಗ ಎಮ್ಮಿ ಹಾಲ ಕುಡದ ಪೈಲ್ವಾನ ಆಗ್ಯಾನ. ಮ್ಯಾಲಿನ ಹಾಲ ಸುರು ಆತಂದ್ರ ಕೂಸಿನ ನನ್ನ ಕೈಯಾಗ ಕೊಡು, ನೀ ಆರಾಮ ಕಾಲೇಜಿಗೆ ಹೋಗು" ಎಂದರು.

 ಅವರು ಹೋದ ಮೇಲೆ ಮಗಳು ಕೂಸನ್ನು ಎದೆಗೆ ಒತ್ತಿಕೊಂಡು ನನಗೆ ಹೇಳಿದಳು: "ಅವ್ವಾ, ಆರು ತಿಂಗಳ ನನ್ನ ಹಾಲ. ಬ್ಯಾರೆ ಒಂದ ಹನಿ ಹಾಕಬ್ಯಾಡ. ಇದೊಂದು ನನಗ ಆಗಲಿ." ಮದುವೆಯಲ್ಲಿ ಇಂಥದೇ ಸೀರೆ ಬೇಕು ಎಂದು ಹಟ ಮಾಡಿದವಳಲ್ಲ, ನೌಕರಿಗೂ ಹಟ ಮಾಡಿದವಳಲ್ಲ. ಹುಟ್ಟಿದಾಗಿನಿಂದ ಆ ಹುಡುಗಿ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ ಇರಬೇಕು.

ಮತ್ತೆ, ಅವಳು ಅದನ್ನು ಮಾಡಿಯೂ ತೋರಿಸಿದಳು. ಘಟಪ್ರಭಾದ ದವಾಖಾನೆಯಲ್ಲಿ ಒಬ್ಬರು ಹೆಣ್ಣು ಡಾಕ್ಟರು ಇದ್ದಾರೆ, ಎಲ್ಲರೂ ಡಾಕ್ಟರ್ ಬಾಯಿ ಅನ್ನುತ್ತಾರೆ, ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಕೂಸನ್ನು ಹೇಗೆ ಹಿಡಿಯಬೇಕು, ಬಾಯಿ ಅಗಲವಾಗಿ ತೆರೆದಾಗ ಹೇಗೆ ಕೊಡಬೇಕು ಎಂದು ಅವರು ತೋರಿಸಿಕೊಟ್ಟರು. ವಾರ ವಾರ ತೂಕ ಮಾಡಿದರು. ನಾಲ್ಕನೆಯ ವಾರಕ್ಕೆ ಗಾಯ ಮಾಯ್ದವು. ಐದನೆಯ ವಾರಕ್ಕೆ ಕೂಸು ಗಟಗಟ ಕುಡಿದು ತುಟಿಯ ಮೇಲೆ ಹಾಲು ಇಟ್ಟುಕೊಂಡು ಮಲಗುವಷ್ಟಾಯಿತು. ಇನ್ನು ಕಾಡಿದ್ದು ಸಂಜೆ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಶುರುವಾದರೆ ಊಟದ ಹೊತ್ತಿನವರೆಗೆ ಅಳು. ಹೊಟ್ಟೆ ತುಂಬಿರುತ್ತಿತ್ತು, ಆದರೂ ಚೀಪಲು ಏನಾದರೂ ಬೇಕು. ಮಗಳು ಅಷ್ಟೂ ಹೊತ್ತು ಕೂಸನ್ನು ಎದೆಗೆ ಹಚ್ಚಿಕೊಂಡು ಒಂದೇ ಭಂಗಿಯಲ್ಲಿ ಕೂತಿರಬೇಕು. ಇದನ್ನು ಹೇಳಿದಾಗ ಡಾಕ್ಟರ್ ಬಾಯಿ ಅಂದರು: "ಕೂಸು ಈಗ ಕುಡಿಯೋದು ಕಲ್ತೈತ್ರಿ. ಬೇಕಾದ್ರ ಬರೇ ಚೀಪೂ ನಿಪ್ಪಲ್ ಕೊಡ್ರಿ. ಆದ್ರ ಹಸದಾಗ ಕೊಡಬ್ಯಾಡ್ರಿ, ಹೊಟ್ಟಿ ತುಂಬಿದ ಮ್ಯಾಲೆ ಅಷ್ಟ."

ಅಳಿಯ ಆ ಭಾನುವಾರವೇ ಒಂದು ಡಬ್ಬಿಯಲ್ಲಿ ಎರಡು ನಿಪ್ಪಲ್ ತಂದುಕೊಟ್ಟ. ಬೆಲ್ಲದ ಬಣ್ಣದ ರಬ್ಬರು, ಹಿಂದೆ ಹಳದಿ ಬಳೆ. ಮಗಳು ಅದಕ್ಕೆ ಪ್ರಯೋಗಾಲಯದ ನಿಯಮ ಮಾಡಿದಳು: ಮೊದಲು ಹಾಲು, ಆಮೇಲೆ ನಿಪ್ಪಲ್, ದಿನಾ ಕುದಿಸಬೇಕು, ದಾರ ಕಟ್ಟಿ ಕೊರಳಿಗೆ ಹಾಕಬಾರದು, ಕೂಸು ಉಗುಳಿದರೆ ಮತ್ತೆ ತುರುಕಬಾರದು. ಮೊದಲ ಸಂಜೆ ಕೂಸು ಅದನ್ನು ಚೀಪುತ್ತ ಕಣ್ಣು ತೇಲಿಸಿ ಮಲಗಿತು. ಮಗಳು ಎದ್ದಳು. ತಲೆ ಬಾಚಿಕೊಂಡಳು. ಬಿಸಿ ರೊಟ್ಟಿಯನ್ನು ಬಿಸಿಯಿದ್ದಾಗಲೇ ತಿಂದಳು. ಗೆಳತಿಗೆ ಫೋನ್ ಹಚ್ಚಿ ನಕ್ಕಳು.

ಆ ನಗು ನನಗೆ ಸೇರಲಿಲ್ಲ. ಅದಕ್ಕೆ ನಾನು ಆಗ ಇಟ್ಟ ಹೆಸರು ಚಿಂತೆ.

ನನ್ನ ತವರು ಮೂಡಲಗಿ. ನನ್ನ ಬಾಣಂತನವೂ ಅಲ್ಲೇ ಆಯಿತು. ಕಿಟಕಿಗೆ ಗೋಣಿತಾಟು, ಮಂಚದ ಕೆಳಗೆ ಕೆಂಡದ ಶೇಗಡಿ, ಕಿವಿಗೆ ಅರಳೆ, ನೀರು ಕೇಳಿದರೆ ಅರ್ಧ ವಾಟಗಾ. ತಲೆ ಬಾಚಿಕೊಳ್ಳುತ್ತೇನೆಂದರೆ ನಮ್ಮವ್ವ, "ಯಾರಿಗೆ ತೋರಸಾಕ?" ಅನ್ನುತ್ತಿದ್ದಳು. ನಲವತ್ತು ದಿವಸ ನಾನು ಒಮ್ಮೆಯೂ ನಕ್ಕ ನೆನಪಿಲ್ಲ. ನಗದೇ ಇದ್ದದ್ದಕ್ಕೆ ನನಗೇನೂ ಬಹುಮಾನ ಸಿಗಲಿಲ್ಲ. ಆದರೂ ನನ್ನ ಮಗಳು ಪುಕ್ಕಟೆ ನಗುವುದನ್ನು ನೋಡಿ, ಸರತಿ ಹಚ್ಚಿ ನಿಂತವಳ ಮುಂದೆ ಯಾರೋ ನುಗ್ಗಿದಂತೆ ಆಯಿತು.

ಮರುದಿವಸದಿಂದ ನಾನು ಮೇಲೆ ಹೇಳಿದ ಯಾದಿಯನ್ನು ಒಂದೊಂದಾಗಿ ಓದಿ ಹೇಳತೊಡಗಿದೆ. ಮಗಳು ಒಂದೊಂದಕ್ಕೂ ಶಾಂತವಾಗಿ ಉತ್ತರ ಕೊಟ್ಟಳು. ಅದು ಇನ್ನೂ ಸಿಟ್ಟು ತರಿಸಿತು.

"ಕೂಸಿಗೆ ಏನ ತಿಳೀತೈತಿ? ರಬ್ಬರ್ ಯಾವದು, ಮೊಲಿ ಯಾವದು ಗೊತ್ತಾಗಂಗಿಲ್ಲ ಅದಕ್ಕ. ನಾಳೆ ನಿನ್ನ ಬಿಟ್ಟು ಅದನ್ನ ಹಿಡೀತೈತಿ."

"ಗೊತ್ತಾಗತೈತವ್ವ. ಹಸಿವಾದ್ರ ಅದನ್ನ ಉಗುಳಿ ನನ್ನ ಕಡೆ ತಿರಗತೈತಿ, ನೋಡೀದಿ ಇಲ್ಲೋ?"

ನೋಡಿದ್ದೆ. ಅದಕ್ಕೇ ನಿಪ್ಪಲ್ಲನ್ನು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮಗಳು ಎರಡನೆಯದನ್ನು ತೆಗೆದಳು. ಎರಡನೆಯದನ್ನು ನನ್ನ ಸಾಲಿಯ ಚೀಲಕ್ಕೆ ಹಾಕಿಕೊಂಡು ಹೋದೆ. ಇಯತ್ತೆಯಲ್ಲಿ ಬರೆಯುವ ಖಡು ತೆಗೆಯಲು ಚೀಲಕ್ಕೆ ಕೈ ಹಾಕಿ, ಕರಿಹಲಗೆಗೆ ಅದನ್ನೇ ಒತ್ತಿ ಹಿಡಿದು 'ಅ' ತಿದ್ದಲು ಹೋದೆ. ಮೂವತ್ತು ಹುಡುಗರು. ಒಂದು ಹುಡುಗಿ ಎದ್ದು ನಿಂತು, "ಅಕ್ಕೋರ, ನೀವೂ ಚೀಪ್ತೀರೇನ್ರಿ?" ಎಂದಳು. ಸಂಜೆ ಮನೆಗೆ ಬಂದರೆ ಮಗಳು ಅಕ್ಕಿ ಡಬ್ಬಿಯಿಂದ ಮೊದಲನೆಯದನ್ನು ತೆಗೆದು ಕುದಿಸಿಟ್ಟಿದ್ದಳು. ಬಯ್ಯಲಿಲ್ಲ. "ಅದಕ್ಕ ನುಸಿ ಹತ್ತೂದಿಲ್ಲವ್ವ, ಅಕ್ಕ್ಯಾಗ ಯಾಕಿಟ್ಟಿ?" ಎಂದು ಕೇಳಿದಳಷ್ಟೇ. ಸೋಫಾದ ಮೇಲಿಂದ ಪೇಪರಿನ ಹಿಂದೆ ನಮ್ಮ ಮನೆಯವರು ನಕ್ಕರು.

ಅವಮಾನವಾಯಿತು ಎಂದು ಬರೆದರೆ ದೊಡ್ಡ ಮಾತಾಗುತ್ತದೆ. ಆದರೆ ಮುಂದೆ ಮಾಡಿದ್ದಕ್ಕೆ ಕೂಸಿನ ಹಲ್ಲು, ಕಿವಿ ಕಾರಣವಲ್ಲ.

ಮೂಡಲಗಿಯಲ್ಲಿ ನನ್ನ ತಮ್ಮ ಎರಡೂವರೆ ವರ್ಷವಾದರೂ ಮೊಲೆ ಬಿಟ್ಟಿರಲಿಲ್ಲ. ಓಣಿಯಲ್ಲಿ ಗೋಲಿ ಆಡಿ, ಓಡಿ ಬಂದು, ನಿಂತಲ್ಲೇ ನಮ್ಮವ್ವನ ಸೆರಗು ಎತ್ತುತ್ತಿದ್ದ. ಒಂದು ದಿವಸ ನಮ್ಮವ್ವ ಕರಿಬೋಳ ತೇಯ್ದು ಮೊಲೆಗೆ ಹಚ್ಚಿಕೊಂಡು ಕೂತಳು. ಕರಿಬೋಳ ಅಂದರೆ ಇದ್ದಿಲಿನಂಥ ಕರಿ ಗಟ್ಟಿ. ಅದರ ಕಹಿಯ ಮುಂದೆ ಬೇವು ಸಕ್ಕರೆ. ಮಕ್ಕಳ ಮೊಲೆ ಬಿಡಿಸಲು ನಮ್ಮ ಕಡೆ ಎಲ್ಲ ಮನೆಯಲ್ಲೂ ಮಾಡುವುದು. ತಮ್ಮ ಬಾಯಿ ಹಚ್ಚಿದ, ಮುಖ ಹಿಂಡಿದ, ನಮ್ಮವ್ವನನ್ನು ಒಮ್ಮೆ ನೋಡಿದ. ಆಮೇಲೆ ಹತ್ತಿರ ಬರಲಿಲ್ಲ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕಿದ್ದೆ.

ಮೊಲೆ ಬಿಡಿಸಲು ಬರುವುದು ರಬ್ಬರು ಬಿಡಿಸಲು ಬಾರದೇ? ಇದು ನನ್ನ ವಿಚಾರ. ಮೂವತ್ತು ಹುಡುಗರಿಗೆ ದಿನಾ ಬುದ್ಧಿ ಹೇಳುವ ಹೆಂಗಸಿನ ವಿಚಾರ.

ಶನಿವಾರ ಬೆಳಗಿನ ಸಾಲಿ. ಮರಳಿ ಬರುವಾಗ ಬಜಾರದಲ್ಲಿ ಬೇರು-ನಾರು ಮಾರುವವನ ಅಂಗಡಿಗೆ ಹೋದೆ. ಕರಿಬೋಳ ಕೇಳಿದೆ. "ಕೂಸಿಗೆ ಎಷ್ಟ ಆಗ್ಯಾವ್ರಿ?" ಎಂದ.

"ಎರಡ" ಎಂದೆ.

"ಹಂಗಾದ್ರ ಬಿಡಸಾಕ ಬೇಕ ಬಿಡ್ರಿ" ಎಂದು ಕಾಗದದಲ್ಲಿ ಕಟ್ಟಿಕೊಟ್ಟ. ವರ್ಷ ಎಂದು ನಾನು ಹೇಳಿರಲಿಲ್ಲ. ತಿಂಗಳು ಎಂದೂ ಹೇಳಲಿಲ್ಲ. ಹೇಳಿದ್ದರೂ ಸುಳ್ಳೇ ಆಗುತ್ತಿತ್ತು, ಕೂಸಿಗೆ ಎರಡು ತಿಂಗಳಿಗೆ ಇನ್ನೂ ವಾರ ಕಮ್ಮಿ ಇತ್ತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಆ ಸೋಮವಾರ ಘಟಪ್ರಭಾಕ್ಕೆ ತೂಕಕ್ಕೆ ಹೋಗುವುದಿತ್ತು. ಹಿಂದಿನ ವಾರ ಡಾಕ್ಟರ್ ಬಾಯಿ ಹೇಳಿ ಕಳಿಸಿದ್ದರು: "ಇದೊಂದು ಸಲ ಏರಿದ್ರ ಸಾಕು, ಇನ್ನ ವಾರ ವಾರ ಬರೂದು ಬ್ಯಾಡ. ಏರದಿದ್ರ ಮಾತ್ರ ಪುಡಿ ಹಾಲಿಂದು ವಿಚಾರ ಮಾಡೂಣು." ಹುಕ್ಕೇರಿಯಲ್ಲಿ ಬೀಗತಿ ಅದಕ್ಕೇ ಕಾದಿದ್ದರು. ಮ್ಯಾಲಿನ ಹಾಲು ಎಂದರೆ ಕೂಸು ಅವರ ಮಡಿಲಿಗೆ, ಮಗಳು ಕಾಲೇಜಿಗೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗ್ಯಾಸಿನ ಚಿಂತೆಗೆ ಬಸ್ಸಿಳಿಯುವವಳಿಗೆ ಈ ಚಿಂತೆ ಆ ದಿವಸ ತಲೆಗೆ ಬರಲೇ ಇಲ್ಲ.

ಮಗಳು ಎರಕೊಳ್ಳಲು ಬಚ್ಚಲಿಗೆ ಹೋದಾಗ, ಕೂಸಿನ ಬಜೆ ತೇಯುವ ಸಾಣೆಯ ಮೇಲೆಯೇ ಕರಿಬೋಳ ತೇಯ್ದೆ. ಬೆರಳಿನಿಂದ ಎರಡೂ ರಬ್ಬರಿಗೆ ಸವರಿದೆ. ಫ್ಯಾನಿನ ಕೆಳಗೆ ಆರಿಸಿದೆ. ಬೆಲ್ಲದ ಬಣ್ಣದಲ್ಲಿ ಏನೂ ಕಾಣಲಿಲ್ಲ. ಡಬ್ಬಿಯಲ್ಲಿ ಮೊದಲಿದ್ದ ಹಾಗೆಯೇ ಇಟ್ಟೆ, ಹಳದಿ ಬಳೆ ಮೇಲೆ ಮಾಡಿ.

ಆ ಸಂಜೆ ಮಗಳು ಹಾಲು ಕುಡಿಸಿ, ತೇಗಿಸಿ, ನಿಪ್ಪಲ್ ಕೊಟ್ಟಳು. ಕೂಸು ಎರಡು ಸಲ ಚೀಪಿತು. ಮೂರನೆಯ ಸಲಕ್ಕೆ ಅದರ ಮುಖ ಮುದುಕಿಯ ಮುಖದಂತೆ ಮುದುಡಿತು. ಉಗುಳಿ, ಉಸಿರು ಹಿಡಿದು, ನೀಲಿಯಾಗಿ, ಆಮೇಲೆ ಚೀರಿತು. ನಾನು ಅಡುಗೆಮನೆಯಿಂದಲೇ, "ನೋಡು, ಅದಕ್ಕ ಬ್ಯಾಡಾಗೈತಿ. ಕೂಸಿಗೆ ತಿಳೀತು, ನಿನಗ ತಿಳೀವಲ್ದು" ಎಂದೆ. ಗೆದ್ದ ಹಿಗ್ಗಿನಲ್ಲಿ ಪಲ್ಯಕ್ಕೆ ಉಪ್ಪು ಎರಡು ಸಲ ಹಾಕಿದೆ.

ಮಗಳು ಸಮಾಧಾನ ಮಾಡಲು ಕೂಸನ್ನು ಎದೆಗೆ ತಂದಳು. ಮೊಲೆತೊಟ್ಟು ತುಟಿಗೆ ತಾಗಿತೋ ಇಲ್ಲವೋ, ಕೂಸು ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಖ ಹೊರಳಿಸಿ, ಮತ್ತೆ ಚೀರಿತು.

ರಬ್ಬರು ಯಾವುದು, ಮೊಲೆ ಯಾವುದು ಅದಕ್ಕೆ ಗೊತ್ತಾಗುವುದಿಲ್ಲ ಎಂದು ವಾದಿಸಿದವಳು ನಾನೇ.

ಭಾನುವಾರ ಬೆಳಿಗ್ಗೆಯವರೆಗೂ ಅದೇ. ಹಸಿವಿನಿಂದ ಮುಷ್ಟಿ ಚೀಪುತ್ತಿತ್ತು, ಎದೆಗೆ ತಂದರೆ ಮಾತ್ರ ಹಿಂದೆ ಸರಿಯುತ್ತಿತ್ತು. ಮಗಳು ಹಾಲು ಹಿಂಡಿ ಬಟ್ಟಲಿಗೆ ತೆಗೆದು ಚಮಚದಲ್ಲಿ ಕುಡಿಸಿದಳು; ಅರ್ಧ ಹೊಟ್ಟೆಗೆ, ಅರ್ಧ ಕುಂಚಿಗೆಗೆ. ಅವಳ ಎದೆ ಗಟ್ಟಿಯಾಗಿ ಹೊಳೆಯತೊಡಗಿತು. ಆಯಿ ಬಂದವಳೇ ಕೂಸನ್ನು ನೋಡಿ, ತಾಯಿಯನ್ನು ನೋಡಿ, ತೀರ್ಪು ಕೊಟ್ಟಳು:

"ಹಾಲ ಕೆಟ್ಟಾವ. ಏನ ತಿಂದಿ ಯವ್ವಾ? ಹಾಗಲಕಾಯಿ ತಿಂದೇನು?"

"ಇಲ್ಲ ಆಯಿ. ಅವ್ವ ಕೊಟ್ಟದ್ದ ತಿಂದೇನಿ."

"ಹಂಗಾರ ನಿನ್ನ ಮೈಯಾಗ ಏನೋ ಐತಿ. ಕೆಲವು ಹೆಂಗಸರ ಹಾಲ ಹಂಗ ಇರತಾವ, ಕೂಸಿಗೆ ಒಗ್ಗಂಗಿಲ್ಲ. ನಮ್ಮ ಬಾಜೂ ಮನ್ಯಾಕಿ ಹಾಲಿಗೆ ನೊಣಾ ಸೈತ ಕೂಡತಿರಲಿಲ್ಲ." ಇಷ್ಟು ಹೇಳಿ ಕೂಸಿಗೆ ನೀರು ಹಾಕಿ, ಹೊಗೆ ಹಾಕಿ, ತನ್ನ ಚಹಾ ಕುಡಿದು ಹೋದಳು.

ಮಗಳು ಅಂಗೈಗೆ ನಾಲ್ಕು ಹನಿ ಹಿಂಡಿಕೊಂಡು ನೆಕ್ಕಿ ನೋಡಿದಳು. ಇನ್ನೊಮ್ಮೆ ನೋಡಿದಳು. "ಸಿಹಿನ ಐತಲ್ಲ" ಎಂದು ತನಗೇ ಹೇಳಿಕೊಂಡಳು. ಆಮೇಲೆ ಚಮಚದಲ್ಲಿ ಸ್ವಲ್ಪ ಹಾಕಿ ನನ್ನ ಮುಂದೆ ಹಿಡಿದಳು.

"ಅವ್ವಾ, ನೀ ಒಂದೀಟು ನೋಡ. ನನಗ ನಂದ ಗೊತ್ತಾಗವಲ್ದೋ ಏನೋ. ಕಹಿ ಐತೇನ?"

ನನ್ನ ಮಗಳ ಹಾಲನ್ನು ನಾನು ಕುಡಿದೆ. ಉಗುರು ಬೆಚ್ಚಗಿತ್ತು. ಸಿಹಿ ಇತ್ತು, ತೆಂಗಿನ ಎಳೆಗಾಯಿಯ ನೀರಿಗಿಂತ ಸಿಹಿ. ನಾನು ಬಾಯಿ ಚಪ್ಪರಿಸಿ, ಸ್ವಲ್ಪ ವಿಚಾರ ಮಾಡಿದ ಹಾಗೆ ಮಾಡಿ, ಹೇಳಿದೆ:

"ಒಂದು ನಮೂನಿ ಐತಿ ನೋಡ."

ಯಾಕೆ ಹೇಳಿದೆ? ನಾಳೆಗೆ ಎಲ್ಲ ಸರಿಯಾಗುತ್ತದೆ, ಇವತ್ತೊಂದು ದಿವಸ ದಾಟಿದರೆ ಸಾಕು ಎಂದಿತ್ತು. ಹೇಳಿದ ಮೇಲೆ ಅವಳ ಮುಖ ನೋಡಬಾರದಿತ್ತು, ನೋಡಿದೆ. ಅವಳು ಚಮಚವನ್ನು ಬಟ್ಟಲಲ್ಲಿ ಇಟ್ಟು, ಬಟ್ಟಲನ್ನು ಬಚ್ಚಲಿಗೆ ಒಯ್ದು ಚೆಲ್ಲಿದಳು. ಅಷ್ಟು ಹೊತ್ತು ನೋವು ತಿಂದು ಹಿಂಡಿ ತೆಗೆದ ಹಾಲು.

ಅಷ್ಟರಲ್ಲಿ ಹುಕ್ಕೇರಿಯಿಂದ ವಿಡಿಯೋ ಫೋನು. ಬೀಗತಿಗೆ ಅಳು ಕೇಳಿಸಿತು, ವಿಷಯ ತಿಳಿಯಿತು. "ಅಳಬ್ಯಾಡವ್ವ. ನಾಳೆ ಡಾಕ್ಟರ್ ಏನಂತಾರ ನೋಡು. ಮಂಗಳವಾರ ಗಾಡಿ ಮಾಡ್ಕೊಂಡು ನಾವ ಬರ್ತೀವಿ, ಕೂಸಿನ ಕರ್ಕೊಂಡು ಹೋಗ್ತೀವಿ. ನೀ ಹಿಂದಾಗಡೆ ಬಾ." ಆಮೇಲೆ ನನ್ನನ್ನು ಕರೆದು, "ಅಕ್ಕೋರ, ನಿಮ್ಮ ಮಗಳ ಕೈಲೆ ಆಗೂದಲ್ಲ ಬಿಡ್ರಿ ಇದು, ಯಾಕ ತ್ರಾಸ ಕೊಡ್ತೀರಿ?" ಎಂದರು.

"ಹೂನ್ರಿ" ಎಂದೆ.

ಮಧ್ಯಾಹ್ನ. ನಾನು ಮಂಚದ ಹತ್ತಿರ ಕೆಳಗೆ ಕೂತು ಸಬ್ಬಸಗಿ ಸೋಸುತ್ತಿದ್ದೆ. ಸಬ್ಬಸಗಿ ತಿಂದರೆ ಹಾಲು ಶುದ್ಧವಾಗುತ್ತದೆ ಎಂದು ಹೇಳಿ, ಬೆಳಿಗ್ಗೆ ನಾನೇ ಎರಡು ಸಿವುಡು ತರಿಸಿದ್ದೆ. ಅಷ್ಟರ ಮಟ್ಟಿಗೆ ನಾಟಕ ಪಕ್ಕಾ ಇತ್ತು. ಕೂಸು ಅತ್ತು ಅತ್ತು ದನಿ ಬಿದ್ದಿತ್ತು. ಮಗಳಿಗೆ ಏನು ಮಾಡಬೇಕೆಂದು ತಿಳಿಯದೆ ಡಬ್ಬಿ ತೆರೆದು ನಿಪ್ಪಲ್ ತೆಗೆದಳು. ನಿಯಮದ ಪ್ರಕಾರ ಹಸಿದ ಕೂಸಿಗೆ ಕೊಡಬಾರದು. ನಿಯಮದ ಹೊತ್ತು ದಾಟಿತ್ತು. ಕೈ ಜಾರಿ ಅದು ಹಾಸಿಗೆಯ ಮೇಲೆ ಬಿತ್ತು. ದಿನಾ ಹತ್ತು ನಿಮಿಷ ಕುದಿಸುವ ಆ ಎಂ.ಎಸ್ಸಿ ಹುಡುಗಿ, ಎಲ್ಲ ತಾಯಂದಿರೂ ಮಾಡುವ ಹಾಗೆ, ಅದನ್ನೆತ್ತಿ ತನ್ನ ಬಾಯಲ್ಲಿ ಹಾಕಿಕೊಂಡು ಚೀಪಿ ಒರೆಸಲು ಹೋದಳು.

ಹಾಗೆಯೇ ನಿಂತಳು.

ಬಾಯಿಂದ ತೆಗೆದು ನೋಡಿದಳು. ನಾಲಿಗೆಯ ತುದಿಯಿಂದ ಇನ್ನೊಮ್ಮೆ ಮುಟ್ಟಿ ನೋಡಿದಳು, ಪ್ರಯೋಗ ಸರಿಯಾಗಿ ಬಂತೋ ಇಲ್ಲವೋ ನೋಡುವವರ ಹಾಗೆ. ಸಾಣೆಯ ಕಡೆ ನೋಡಿದಳು. ಅದರ ಅಂಚಿಗೆ ಕರಿ ಕಲೆ ಉಳಿದಿತ್ತು. ಆಮೇಲೆ ನನ್ನನ್ನು ನೋಡಿದಳು.

ನಾನು ಸಬ್ಬಸಗಿ ಸೋಸಿದೆ. ಎಸಳನ್ನು ಚೆಲ್ಲಿ ದಂಟನ್ನು ಬುಟ್ಟಿಗೆ ಹಾಕುತ್ತಿದ್ದೇನೆಂದು ಆಮೇಲೆ ಗೊತ್ತಾಯಿತು.

ಬಯ್ಯುತ್ತಾಳೆಂದು ಕಾದೆ. ಉತ್ತರ ತಯಾರಿತ್ತು: ನಿನ್ನ ಒಳ್ಳೆಯದಕ್ಕೇ ಮಾಡಿದೆ, ನಮ್ಮವ್ವನೂ ಮಾಡಿದ್ದಳು, ಕರಿಬೋಳ ಔಷಧವೇ ಹೊರತು ವಿಷವಲ್ಲ.  ಅವಳು ಬಿಸಿನೀರಿನಲ್ಲಿ ಅರಿವೆ ಅದ್ದಿ ಕೂಸಿನ ತುಟಿ, ಒಸಡು ಒರೆಸಿದಳು. ತನ್ನ ಎದೆ ಒರೆಸಿಕೊಂಡಳು. "ಸ್ವಲ್ಪ ಹೊರಗ ಹೋಗ್ತಿ?" ಎಂದಳು. ದನಿ ಏರಿರಲಿಲ್ಲ. ನಾನು ಬುಟ್ಟಿ ಎತ್ತಿಕೊಂಡು ಹೊರಗೆ ಬಂದೆ. ಒಳಗಿನಿಂದ ಚಿಲಕ ಬಿತ್ತು.

ಪಡಸಾಲೆಯಲ್ಲಿ ನಮ್ಮ ಮನೆಯವರು, "ಏನಾತ?" ಎಂದರು.

"ಏನಿಲ್ಲ, ಕೂಸಿನ ಮಲಗಸಾಕತ್ತಾಳ."

ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಅಂಥ ಕೆಲಸಕ್ಕೆ ನನಗೆ ನಾಚಿಕೆಯಿಲ್ಲ. ಅಳು, ಅವಳ ಗುನುಗು, ಮತ್ತೆ ಅಳು. ಆಮೇಲೆ ಅವಳು ಕೂಸಿನ ಅಂಗಿ ತೆಗೆದು ಮೈಗೆ ಮೈ ಹಚ್ಚಿ ಮಲಗಿಸಿಕೊಂಡಿರಬೇಕು. ಡಾಕ್ಟರ್ ಬಾಯಿ ಮೊದಲ ವಾರಗಳಲ್ಲಿ ಅದನ್ನು ಹೇಳಿಕೊಟ್ಟಿದ್ದರು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನನ್ನ ಯಾದಿ ಮತ್ತೆ ಶುರುವಾಯಿತು: ಕೂಸು ಬೋರಲು ಬಿದ್ದಿದೆ, ಉಸಿರು ಸಿಕ್ಕಿಲ್ಲ, ಬಾಗಿಲು ಒಡೆಯಬೇಕು. ಒಡೆಯಲು ನಮ್ಮ ಮನೆಯವರನ್ನು ಕರೆಯಬೇಕೆಂದು ತಿರುಗಿದೆ. ಆಗ ಕೇಳಿಸಿತು. ಗಟಕ್. ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಬಿಡುವಿಲ್ಲದೆ, ಮೂಗಿನಿಂದ ಉಸಿರು ಬಿಡುತ್ತ, ದಾಹದ ಕರು ಕುಡಿದ ಹಾಗೆ.

ಸೋಮವಾರ ತೂಕ ಏರಿತ್ತು. ಡಾಕ್ಟರ್ ಬಾಯಿ ಕೂಸಿನ ಗಲ್ಲ ಹಿಂಡಿ, "ಶಾಣೇ ಹುಡುಗಿ. ಇನ್ನ ಮುಂದ ಲಸಿಕೆಗಷ್ಟ ಬರ್ರಿ" ಎಂದರು. "ನಿಪ್ಪಲ್ ಕೊಡಾಕತ್ತೀರೇನು?" ಎಂದು ಕೇಳಿದರು.

 ಮಗಳು ನನ್ನ ಕಡೆ ನೋಡಲಿಲ್ಲ.

"ಹೂನ್ರಿ ಮೇಡಂ. ಹಾಲು ಕುಡದ ಮ್ಯಾಲೆ ಅಷ್ಟ."

ಅವಳು ಗಂಡನಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ, ತಂದೆಗೂ ಹೇಳಲಿಲ್ಲ. ಆಯಿ ಮರುದಿವಸ, "ನಾ ಹೊಗಿ ಹಾಕಿದ್ದಕ್ಕ ಸರಿ ಆತ ನೋಡ್ರಿ" ಎಂದು ಹೇಳಿ ಒಂದು ಕುಬಸದ ಖಣ ಕೇಳಿ ಇಸಿದುಕೊಂಡಳು. ಅದಕ್ಕೂ ಮಗಳು ನಕ್ಕಳು. ಎರಡು ನಿಪ್ಪಲ್ಲನ್ನೂ ಕುದಿಸಿ ಕುದಿಸಿ ಕಹಿ ಹೋಗದೆ ಎಸೆದು, ಗಂಡನಿಗೆ ಹೊಸವನ್ನು ತರಲು ಹೇಳಿದಳು. ನಾನು ವಾರಗಟ್ಟಲೆ ಬೈಗುಳಕ್ಕೆ ಕಾದೆ. ರಾತ್ರಿ ಊಟದಲ್ಲಿ, ಸಂತೆಯ ದಾರಿಯಲ್ಲಿ, ಅವಳು ಬಾಯಿ ತೆರೆದಾಗೆಲ್ಲ ಇದೀಗ ಬಂತು ಎಂದುಕೊಳ್ಳುತ್ತಿದ್ದೆ. ಅವಳು ಕೇಳುತ್ತಿದ್ದದ್ದು ಉಪ್ಪಿನಕಾಯಿ. ಒಂದು ದಿವಸ ತಡೆಯಲಾರದೆ ನಾನೇ, "ಆವತ್ತ ನಾ..." ಎಂದು ತೆಗೆದೆ. "ಕೂಸು ಮಲಗೈತವ್ವ, ಸಣ್ಣಗ ಮಾತಾಡು" ಎಂದಳು. ಸಣ್ಣಗೆ ಆಡುವಂಥ ಮಾತು ಅದಾಗಿರಲಿಲ್ಲ.

ಐದನೆಯ ತಿಂಗಳಲ್ಲಿ ಉಡಿ ತುಂಬಿ ಹುಕ್ಕೇರಿಗೆ ಕಳಿಸಿದೆವು. ಆರು ತಿಂಗಳು ಅವಳ ಹಾಲೇ. ಆಮೇಲೂ, ಕಾಲೇಜಿಗೆ ಹೋಗಿ ಬಂದು, ಇವತ್ತಿಗೂ ಕುಡಿಸುತ್ತಾಳೆ. ನಿಪ್ಪಲ್ಲನ್ನು ಕೂಸು ಏಳನೆಯ ತಿಂಗಳಲ್ಲಿ ಒಂದು ದಿವಸ ಉಗುಳಿತಂತೆ, ಮರುದಿವಸ ಕೇಳಲಿಲ್ಲವಂತೆ. ಕಿವಿ ಸೋರಿಲ್ಲ. ಕೆಳಗೆ ಎರಡು ಹಲ್ಲು ಬಂದಿವೆ, ದಾರ ಹಿಡಿದು ನೆಟ್ಟಂತೆ ನೆಟ್ಟಗೆ.

ನಾನು ಹದಿನೈದು ದಿವಸಕ್ಕೊಮ್ಮೆ ಹುಕ್ಕೇರಿಗೆ ಹೋಗುತ್ತೇನೆ. ಕೂಸು ನನ್ನನ್ನು ಕಂಡರೆ ಎರಡೂ ಕೈ ಚಾಚಿ ನಗುತ್ತದೆ, ಅದಕ್ಕೇನು ನೆನಪಿರುತ್ತದೆ? ನಾನು ಚೀಲ ಇಟ್ಟು ಎತ್ತಿಕೊಳ್ಳಲು ಬಗ್ಗುತ್ತೇನೆ. ಒಳಗಿನಿಂದ ಮಗಳ ದನಿ ಬರುತ್ತದೆ, ಮೆತ್ತಗೆ, ಎಲ್ಲರ ಎದುರಿಗೆ:

"ಅವ್ವಾ, ಕೈ ತೊಳ್ಕೊಂಡಿ?"

ಒಮ್ಮೆ, ಬಾಗಿಲಲ್ಲೇ ತೊಳೆದುಕೊಂಡು ಬಂದಿದ್ದೆ, ತೊಳೆದೇನಿ ಎಂದೆ. ಅವಳು ಹೊರಗೆ ಬಂದು, ಕೂಸನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು, ನನ್ನ ಬೆರಳುಗಳನ್ನು ನೋಡುತ್ತ ನಿಂತಳು. ನಾನು ಹಿತ್ತಲಿನ ನಳಕ್ಕೆ ಹೋಗಿ, ಸಾಬೂನು ಹಚ್ಚಿ, ಉಗುರಿನ ಸಂದಿ ತಿಕ್ಕಿ, ಮತ್ತೊಮ್ಮೆ ತೊಳೆದೆ. ಬೀಗತಿ ಟವೆಲ್ ಹಿಡಿದು ಬಾಜೂಕ್ಕೆ ನಿಂತಿದ್ದರು. ಅವರ ಕೈಗೆ ಹೆಚ್ಚಿದ ಮೆಣಸಿನಕಾಯಿಯ ಬೀಜಗಳು ಇನ್ನೂ ಅಂಟಿದ್ದವು. ಅದೇ ಕೈಯಲ್ಲಿ ಅಷ್ಟು ಹೊತ್ತು ಕೂಸನ್ನು ಆಡಿಸುತ್ತಿದ್ದವರು.

"ನಿಮ್ಮ ಮಗಳದು ಭಾಳ ಸ್ವಚ್ಛತಾರೀ, ಅಕ್ಕೋರ" ಎಂದರು, ಮೆಚ್ಚಿಕೊಂಡು. "ಆದ್ರ ನನಗ ಮಾತ್ರ ಒಮ್ಮಿನೂ ಕೇಳಿಲ್ಲ ನೋಡ್ರಿ."